ಇಪ್ಪತ್ತೊಂದು ದಿನದ ಗಡುವು

ಲೆಸ್ಟರ್, ಜುಲೈ 22, 2025, ಮಂಗಳವಾರ

ಬ್ರಿಟನ್ನಿನ ಹೊಸ ವಲಸೆ ನಿಯಮಗಳು ಇಂದು ಜಾರಿಗೆ ಬಂದವು. ಇಲ್ಲಿನ ಕಂಪನಿಯೊಂದರ ಪ್ರಾಯೋಜಕತ್ವದಲ್ಲಿ ಕೆಲಸ ಮಾಡಲು ಹೊರದೇಶದವರಿಗೆ ಕೊಡುವ ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಬೇಕಾದ ಸಾಮಾನ್ಯ ಕನಿಷ್ಠ ವಾರ್ಷಿಕ ಸಂಬಳ 38,700 ಪೌಂಡ್‌ನಿಂದ 41,700ಕ್ಕೆ ಏರಿದೆ. ಓದು ಮುಗಿಸಿ ಹೊಸದಾಗಿ ಕೆಲಸಕ್ಕೆ ಸೇರುವವರಿಗಿದ್ದ ರಿಯಾಯಿತಿ ಮಿತಿಯೂ 30,960ರಿಂದ 33,400ಕ್ಕೆ ಹೋಗಿದೆ.

ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿರುವ ಹಾವೇರಿ ಕಡೆಯ ಹುಡುಗನಿಗೆ ಸಿಕ್ಕಿರುವ ಕೆಲಸದ ಸಂಬಳ 32,000. ನಿನ್ನೆಯ ಲೆಕ್ಕದಲ್ಲಿ ಸಾಕಾಗಿತ್ತು. ಇಂದಿನ ಲೆಕ್ಕದಲ್ಲಿ 1,400 ಪೌಂಡ್ ಕಡಿಮೆ.

ಸಿಒಎಸ್ ಎಂದು ಇಲ್ಲಿ ಎಲ್ಲರೂ ಕರೆಯುವ ಪ್ರಾಯೋಜಕತ್ವದ ಪತ್ರವನ್ನು ಕಂಪನಿ ನಿನ್ನೆಯೊಳಗೆ ಕೊಟ್ಟಿದ್ದರೆ ಅವನ ಅರ್ಜಿ ಹಳೆಯ ನಿಯಮದಲ್ಲೇ ಇತ್ಯರ್ಥವಾಗುತ್ತಿತ್ತು. ನಿನ್ನೆ ಸಂಜೆಯವರೆಗೂ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡೇ ಕುಳಿತಿದ್ದ. ಐದೂವರೆಗೆ ಉತ್ತರ ಬಂತು: ಹಣಕಾಸು ವಿಭಾಗದವರ ಸಹಿ ಬಾಕಿ ಇದೆ, ಈ ವಾರದೊಳಗೆ ಆಗುತ್ತದೆ. ಅದನ್ನು ಎರಡು ಸಲ ಓದಿ, "ಅಕ್ಕಾ, ಅಪ್ಪನಿಗೆ ಏನೆಂದು ಹೇಳಲಿ?" ಎಂದ. ಮಗನ ಓದಿಗೆಂದು ಆ ತಂದೆ ಮನೆಯ ಪತ್ರ ಬ್ಯಾಂಕಿನಲ್ಲಿಟ್ಟಿದ್ದಾರೆ. ಏಳು ಗಂಟೆಗೆ, ಅಲ್ಲಿ ರಾತ್ರಿ ಹನ್ನೊಂದೂವರೆಗೆ, ಅವರೇ ಫೋನ್ ಮಾಡಿದರು. ಇವನು ಮಳೆ ಹೇಗಿದೆ, ಗೋವಿನಜೋಳ ಎಷ್ಟೆತ್ತರ ಬಂದಿದೆ ಎಂದೆಲ್ಲ ಕೇಳಿ ಇಟ್ಟುಬಿಟ್ಟ.

ಅವನು ಸಿವಿಲ್ ಎಂಜಿನಿಯರಿಂಗ್‌ನಲ್ಲಿ ಎಂಎಸ್ಸಿ ಮಾಡಲು ಬಂದದ್ದು 2022ರ ಸೆಪ್ಟೆಂಬರಿನಲ್ಲಿ. ಆಗ ಹೊಸಬರ ಮಿತಿ 20,480 ಪೌಂಡ್. ಮನೆಯವರು ಸಾಲದ ಲೆಕ್ಕ ಹಾಕಿದ್ದು ಆ ಅಂಕಿಯನ್ನು ನಂಬಿ. ಓದು ಮುಗಿದು, ಇಲ್ಲೇ ಉಳಿದು ಕೆಲಸ ಮಾಡಲು ಬಿಡುವ ಎರಡು ವರ್ಷದ ಗ್ರ್ಯಾಜುಯೇಟ್ ವೀಸಾ ಸಿಕ್ಕಿತು, ಅದು ಈ ಡಿಸೆಂಬರಿಗೆ ಮುಗಿಯುತ್ತದೆ. ಹೊಸಬರ ರಿಯಾಯಿತಿಯೂ ಒಟ್ಟು ನಾಲ್ಕೇ ವರ್ಷ, ಗ್ರ್ಯಾಜುಯೇಟ್ ವೀಸಾದ ಅವಧಿಯೂ ಅದರೊಳಗೇ ಸೇರುತ್ತದೆ. ಅಂದರೆ ಈಗ ಹೇಗೋ ದಾಟಿಕೊಂಡರೂ ಇನ್ನೆರಡು ವರ್ಷಕ್ಕೆ ಪೂರ್ತಿ ಮಿತಿಯ ಸಂಬಳ ತೋರಿಸಬೇಕು.

ತನ್ನ ದೇಶಕ್ಕೆ ಎಷ್ಟು ಜನ ಬರಬೇಕು ಎಂದು ತೀರ್ಮಾನಿಸುವ ಹಕ್ಕು ಇಲ್ಲಿನ ಸರ್ಕಾರಕ್ಕೆ ಇದೆ. ನಿವ್ವಳ ವಲಸೆ, ಅಂದರೆ ಬಂದವರಲ್ಲಿ ಹೋದವರನ್ನು ಕಳೆದ ಲೆಕ್ಕ, 2023ರ ಜೂನ್‌ಗೆ ಕೊನೆಗೊಂಡ ವರ್ಷದಲ್ಲಿ ಒಂಬತ್ತು ಲಕ್ಷ ದಾಟಿತ್ತು. ಬಾಡಿಗೆ ಮನೆಗೆ, ವೈದ್ಯರ ಭೇಟಿಗೆ ಕಾದು ಸುಸ್ತಾದ ಇಲ್ಲಿನವರ ಬೇಸರ ನನಗೆ ಅರ್ಥವಾಗುತ್ತದೆ. ನನ್ನ ಸಿಟ್ಟಿರುವುದು ಮಿತಿ ಏರಿಸಿದ್ದಕ್ಕಲ್ಲ, ಏರಿಸಿದ ರೀತಿಗೆ. ಕಳೆದ ಸಲದ ಏರಿಕೆಯನ್ನು 2023ರ ಡಿಸೆಂಬರ್ 4ರಂದು ಘೋಷಿಸಿ 2024ರ ಏಪ್ರಿಲ್ 4ರಂದು ಜಾರಿಗೆ ತಂದರು, ನಾಲ್ಕು ತಿಂಗಳು ಸಿಕ್ಕಿತ್ತು. ಈ ಸಲ ನಿಯಮಗಳನ್ನು ಸಂಸತ್ತಿನ ಮುಂದಿಟ್ಟದ್ದು ಜುಲೈ 1ಕ್ಕೆ, ಜಾರಿ 22ಕ್ಕೆ. ಮೂರು ವಾರದಲ್ಲಿ ಯಾವ ಕಚೇರಿಯಲ್ಲಿ ಕಡತ ಮೂರು ಮೇಜು ದಾಟುತ್ತದೆ? ಬಂದವರು ತಾವು ಬಂದಾಗ ಇದ್ದ ನಿಯಮದಲ್ಲೇ ಒಂದು ನೆಲೆ ಕಂಡುಕೊಳ್ಳಲಿ, ಹೊಸ ನಿಯಮ ಹೊಸದಾಗಿ ಬರುವವರಿಗೆ ಅನ್ವಯವಾಗಲಿ. ಇಷ್ಟನ್ನು ಕೇಳುವುದು ಅತಿಯಾಸೆ ಎಂದು ನನಗೆ ಅನ್ನಿಸುವುದಿಲ್ಲ.

ವಲಸೆ ನೀತಿಯ ಬಗ್ಗೆ ಸರ್ಕಾರ ಮೇ 12ರಂದು ಹೊರಡಿಸಿದ ಶ್ವೇತಪತ್ರದಲ್ಲಿ ಇನ್ನೂ ಎರಡು ಮಾತುಗಳಿವೆ. ಗ್ರ್ಯಾಜುಯೇಟ್ ವೀಸಾ ಹದಿನೆಂಟು ತಿಂಗಳಿಗೆ ಇಳಿಯಲಿದೆ, ಕಾಯಂ ವಾಸಕ್ಕೆ ಐದು ವರ್ಷದ ಬದಲು ಹತ್ತು ವರ್ಷ ಕಾಯಬೇಕಾಗಲಿದೆ. ಈಗಾಗಲೇ ಇಲ್ಲಿರುವ ನಮ್ಮಂಥವರಿಗೂ ಆ ಹತ್ತು ವರ್ಷ ಅನ್ವಯವಾಗುತ್ತದೆಯೇ ಎಂದು ಸರ್ಕಾರ ಇನ್ನೂ ಸ್ಪಷ್ಟವಾಗಿ ಹೇಳಿಲ್ಲ. ಮಗಳ ಶಾಲೆ, ಊರಿನಲ್ಲಿರುವ ಅತ್ತೆಯವರ ಆರೋಗ್ಯ, ಯಾವುದನ್ನೂ ನಿರ್ಧರಿಸಲಾಗದೆ ಕುಳಿತಿದ್ದೇವೆ. ಈ ಸೆಪ್ಟೆಂಬರಿಗೆ ಹೊರಡುವ ಮಕ್ಕಳ ತಂದೆತಾಯಿಯರಲ್ಲಿ ನನ್ನ ಕೋರಿಕೆ: ಏಜೆಂಟರು ತೋರಿಸುವ ಇಂದಿನ ಮಿತಿಯನ್ನು ನೆಚ್ಚಿ ಸಾಲ ಮಾಡಬೇಡಿ, ಕೆಲಸ ಸಿಗದೆ ಮರಳಿದರೂ ತೀರಿಸಬಹುದಾದಷ್ಟನ್ನೇ ಮಾಡಿ.

ಇಂದು ರಾತ್ರಿ ಊಟವಾದ ಮೇಲೆ ನಾನೂ ಆ ಹುಡುಗನೂ ಕುಳಿತು ಕಂಪನಿಗೆ ಪತ್ರ ಬರೆದೆವು. ಸಂಬಳವನ್ನು 33,400ಕ್ಕೆ ಏರಿಸುವಂತೆ ನೇರವಾಗಿಯೇ ಕೇಳಿದ್ದೇವೆ. ಒಪ್ಪದಿದ್ದರೆ ಬೇರೆ ಕೆಲಸ ಹುಡುಕಲು ಅವನಿಗೆ ಡಿಸೆಂಬರಿನವರೆಗೆ ಸಮಯವಿದೆ. ತಂದೆಗೆ ನಾಳೆ ನಿಜ ಹೇಳುವುದಾಗಿ ಒಪ್ಪಿಕೊಂಡಿದ್ದಾನೆ.