ಬಾವಿಯ ಮೋಟರನ್ನೇ ಅಕ್ವೇರಿಯಂ ಸಂಪಿಗೆ ಹಾಕಿದರೆ ಆಗದೇ?

ಆರಡಿ ಉದ್ದದ ತೊಟ್ಟಿ ಕಟ್ಟಿಸಿ, ಫಿಲ್ಟರ್ ಸಂಪನ್ನು (ನೀರು ಸೋಸುವ ಕೆಳಗಿನ ತೊಟ್ಟಿಯನ್ನು) ಹಿಂದಿನ ಜಗಲಿಯಲ್ಲೋ ಮೆಟ್ಟಿಲಿನ ಅಡಿಯಲ್ಲೋ ಇಡಲು ಹೊರಟವರೆಲ್ಲ ಕೇಳುವ ಪ್ರಶ್ನೆ ಇದು. ನಮ್ಮ ಕಾಸರಗೋಡಿನ ಕಡೆ ಬಾವಿಯಿಲ್ಲದ ಮನೆ ಅಪರೂಪ. ಬಾವಿಯಿದ್ದಲ್ಲಿ ಹಳೆಯ ಅರ್ಧ ಎಚ್‌ಪಿ ಪಂಪೊಂದು ಮೂಲೆಯಲ್ಲಿ ಬಿದ್ದೇ ಇರುತ್ತದೆ. ಸಂಪಿನ ನೀರನ್ನು ಮೇಲಿನ ತೊಟ್ಟಿಗೆ ಎತ್ತಲು ಅದು ಸಾಲದೇ? ಸಾಲುತ್ತದೆ, ಬೇಕಾದ್ದಕ್ಕಿಂತ ಹೆಚ್ಚೇ ಸಾಲುತ್ತದೆ. ಆದರೂ ಹಾಕಬೇಡಿ.

ಆ ಪಂಪಿನ ನೇಮ್‌ಪ್ಲೇಟ್ ಓದಿ. ಹೆಡ್ (ನೀರೆತ್ತುವ ಎತ್ತರ) ರೇಂಜ್ ಎಂದು 6ರಿಂದ 24 ಮೀಟರ್ ಎಂಬಂತೆ ಏನಾದರೂ ಬರೆದಿರುತ್ತದೆ. ಅಕ್ವೇರಿಯಂಗೆ ಬೇಕಾದದ್ದು ಹೆಚ್ಚೆಂದರೆ ಎರಡು ಮೀಟರ್. ಸೆಂಟ್ರಿಫ್ಯೂಗಲ್ ಮೊನೊಬ್ಲಾಕ್ ಪಂಪನ್ನು ಅಷ್ಟು ಕಡಿಮೆ ಹೆಡ್‌ನಲ್ಲಿ ಬಿಟ್ಟರೆ ಅದು ಮಿತಿಮೀರಿ ನೀರು ತಳ್ಳುತ್ತದೆ, ಕರೆಂಟನ್ನೂ ಹೆಚ್ಚು ಎಳೆಯುತ್ತದೆ, ಕೊನೆಗೆ ವೈಂಡಿಂಗ್ ಸುಡುತ್ತದೆ. ವಾಲ್ವ್ ಮುಚ್ಚಿ ಹರಿವು ತಗ್ಗಿಸಿದರೆ ಮೋಟರು ಉಳಿದೀತು, ಬಿಲ್ಲು ಉಳಿಯದು. 500 ವಾಟ್ ಎಳೆಯುವ ಪಂಪು ಹಗಲೂ ರಾತ್ರಿ ಓಡಿದರೆ ದಿನಕ್ಕೆ 12 ಯೂನಿಟ್, ಕೇರಳ ವಿದ್ಯುತ್ ಮಂಡಳಿಯಾದ ಕೆಎಸ್‌ಇಬಿಯ ಎರಡು ತಿಂಗಳ ಬಿಲ್ಲಿಗೆ 720 ಯೂನಿಟ್. ಮನೆಯ ಬಳಕೆ ತಿಂಗಳಿಗೆ 250 ಯೂನಿಟ್ ದಾಟಿತೆಂದರೆ ಸ್ಲ್ಯಾಬಿನ ರಿಯಾಯಿತಿ ಹೋಗಿ, ಮೊದಲ ಯೂನಿಟಿನಿಂದಲೇ ಮೇಲಿನ ದರ ಬೀಳುತ್ತದೆ. 80 ವಾಟಿನ ಪಂಪಾದರೆ ಅದೇ ಎರಡು ತಿಂಗಳಿಗೆ ಸುಮಾರು 115 ಯೂನಿಟ್ ಸಾಕು.

ಇದಕ್ಕಿಂತ ದೊಡ್ಡ ತೊಂದರೆ ಲೋಹದ್ದು. ತಾವಾಗಿ ನೀರೆಳೆದುಕೊಳ್ಳುವ ಸಣ್ಣ ಸೆಲ್ಫ್ ಪ್ರೈಮಿಂಗ್ ಪಂಪುಗಳ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಸಾಮಾನ್ಯವಾಗಿ ಹಿತ್ತಾಳೆಯದು, ಹೊರಕವಚ ಬೀಡುಕಬ್ಬಿಣದ್ದು. ಹಿತ್ತಾಳೆಯಲ್ಲಿ ತಾಮ್ರವಿದೆ. ತಾಮ್ರ ಸಿಗಡಿ, ಬಸವನಹುಳು, ಹವಳಗಳಿಗೆ ವಿಷ. ಮುರಕಲ್ಲಿನ ನೆಲದ ಬಾವಿನೀರು ಬಹುಮಟ್ಟಿಗೆ ಮೆದು, ಸ್ವಲ್ಪ ಆಮ್ಲೀಯ. ಅಂಥ ನೀರು ತಾಮ್ರವನ್ನು ಬೇಗ ಕರಗಿಸಿಕೊಳ್ಳುತ್ತದೆ, ಮೆದು ನೀರಿನಲ್ಲಿ ಅದರ ವಿಷವೂ ಜೋರು. ಸಿಹಿನೀರಿನ ತೊಟ್ಟಿ ತಾನೇ ಎಂದು ಸಮಾಧಾನ ಹೇಳಿಕೊಳ್ಳುವಂತಿಲ್ಲ. ಉಪ್ಪುನೀರಾದರೆ ಕಬ್ಬಿಣದ ಗತಿ ಹೇಳಬೇಕಾಗಿಲ್ಲ.

ಹಾಗಾದರೆ ಕೊಳ್ಳುವುದು ಯಾವುದನ್ನು? 6×2×2 ಅಡಿಯ ತೊಟ್ಟಿ ಎಂದರೆ 680 ಲೀಟರ್. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ 600 ಎನ್ನಿ. ಗಂಟೆಗೆ ಅದರ ಐದು ಪಟ್ಟು, ಅಂದರೆ 3000 ಲೀಟರ್ ಸಂಪಿನ ಮೂಲಕ ಸುತ್ತಿದರೆ ಧಾರಾಳ. ಹವಳದ ತೊಟ್ಟಿಗೆ ಬೇಕಾದ ಜೋರು ಅಲೆಯನ್ನು ಒಳಗಿನ ವೇವ್‌ಮೇಕರ್ ಕೊಡಲಿ, ಸಂಪಿನಿಂದ ನೀರೆತ್ತುವ ರಿಟರ್ನ್ ಪಂಪಿನ ತಲೆಗೆ ಆ ಕೆಲಸ ಕಟ್ಟಬೇಡಿ.

ಪೆಟ್ಟಿಗೆಯ ಮೇಲೆ 3000 ಎಂದು ಬರೆದ ಪಂಪು ತಂದರೆ 3000 ಸಿಗುವುದಿಲ್ಲ. ಅದು ಸೊನ್ನೆ ಎತ್ತರದ ಲೆಕ್ಕ. ಅಂಗಡಿಯವರ ಬಳಿ ಪಂಪ್ ಕರ್ವ್ (ಯಾವ ಎತ್ತರಕ್ಕೆ ಎಷ್ಟು ನೀರು ಎಂಬ ನಕ್ಷೆ) ಕೇಳಿ, ನಿಮ್ಮ ಹೆಡ್‌ನಲ್ಲಿ ಎಷ್ಟು ಬರುತ್ತದೆ ಎಂದು ನೋಡಿ. ಹೆಡ್ ಅಳೆಯುವುದು ಸಂಪಿನ ನೀರಿನ ಮಟ್ಟದಿಂದ ಹೊರತು ಪಂಪಿನಿಂದಲ್ಲ. ಪಂಪನ್ನು ಒಂದಡಿ ಕೆಳಗಿಟ್ಟರೆ ಹೆಡ್ ಒಂದಡಿ ಹೆಚ್ಚುವುದಿಲ್ಲ. ಸಂಪಿನ ನೀರು ನೆಲದಿಂದ 25 ಸೆಂ.ಮೀ., ಮೇಲಿನ ಔಟ್‌ಲೆಟ್ 135 ಸೆಂ.ಮೀ. ಎಂದಾದರೆ ನೇರ ಎತ್ತರ 1.1 ಮೀಟರ್. ಇದಕ್ಕೆ ಪೈಪಿನ ತಿಕ್ಕಾಟ ಸೇರಿಸಬೇಕು. ಒಂದಿಂಚಿನ ಪೈಪಿನಲ್ಲಿ ಗಂಟೆಗೆ 3000 ಲೀಟರ್ ಹೋದರೆ ಪ್ರತಿ ಮೀಟರಿಗೆ ಸುಮಾರು 9 ಸೆಂ.ಮೀ. ಹೆಡ್ ನಷ್ಟ. ಒಂದೊಂದು ಎಲ್ಬೋ ಮುಕ್ಕಾಲು ಮೀಟರ್ ಪೈಪಿಗೆ ಸಮ. ನಾಲ್ಕು ಮೀಟರ್ ಪೈಪು, ನಾಲ್ಕು ಎಲ್ಬೋ ಎಂದರೆ ಏಳು ಮೀಟರ್ ಪೈಪಿನಷ್ಟಾಯಿತು, ನಷ್ಟ 60 ಸೆಂ.ಮೀ.ಗಿಂತ ಮೇಲೆ. ಅದೇ ಜಾಗಕ್ಕೆ ಒಂದೂಕಾಲು ಇಂಚಿನ ಪೈಪು ಹಾಕಿ, ಪ್ರತಿ ಮೀಟರಿನ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಪೈಪಿಗೆ ಕೊಡುವ ಹೆಚ್ಚುವರಿ ದುಡ್ಡು ಒಮ್ಮೆಯದು, ಕರೆಂಟಿನದು ತಿಂಗಳು ತಿಂಗಳಿನದು. ಈ ತೊಟ್ಟಿಗೆ ಎರಡು ಮೀಟರ್ ಹೆಡ್‌ನಲ್ಲಿ 3000 ಕೊಡುವ ಪಂಪು ಹುಡುಕಿದರೆ ಮುಂದೆ ಇಂಪೆಲ್ಲರಿಗೆ ಪಾಚಿ ಹಿಡಿದರೂ ಚಿಂತೆಯಿಲ್ಲ.

ಮ್ಯಾಗ್ನೆಟ್ ಡ್ರೈವ್ ಪಂಪನ್ನೇ ಆರಿಸಿ. ಅದರಲ್ಲಿ ಮೋಟರಿನ ಶಾಫ್ಟ್ ನೀರಿಗೆ ತಾಗುವುದೇ ಇಲ್ಲ, ಪ್ಲಾಸ್ಟಿಕ್ ಗೋಡೆಯ ಆಚೆಯಿಂದ ಆಯಸ್ಕಾಂತ ಇಂಪೆಲ್ಲರನ್ನು ತಿರುಗಿಸುತ್ತದೆ. ಶಾಫ್ಟಿನ ಸುತ್ತ ನೀರು ತಡೆಯುವ ಸೀಲ್ ಇಲ್ಲವಾದ್ದರಿಂದ ಸೀಲ್ ಸೋರುವುದೂ ಇಲ್ಲ. ಜಪಾನಿನ ಇವಾಕಿಯ ಎಂಡಿ ಸರಣಿ ಈ ಜಾತಿಯದು. ಕೆಮಿಕಲ್ ಕಾರ್ಖಾನೆಗೆಂದು ಮಾಡುವ ಪಾಲಿಪ್ರೊಪಿಲಿನ್ ಕವಚದ, ಸೆರಾಮಿಕ್ ಶಾಫ್ಟಿನ ಪಂಪುಗಳೂ ಆಗುತ್ತವೆ, ನೀರಿಗೆ ತಾಗುವ ಲೋಹವಿಲ್ಲ ಎಂದು ಖಚಿತಪಡಿಸಿಕೊಂಡರೆ ಆಯಿತು. ಮೆಕ್ಯಾನಿಕಲ್ ಸೀಲಿನ ಪಂಪು ತೀರಾ ದೊಡ್ಡ ಹರಿವಿಗೆ ಮಾತ್ರ. ಶಾಫ್ಟಿನ ಬುಡದಲ್ಲಿ ಬಿಳಿ ಉಪ್ಪಿನ ಹರಳು ಕಂಡರೆ ಸೀಲ್ ಬದಲಿಸುವ ಹೊತ್ತಾಯಿತೆಂದೇ ಲೆಕ್ಕ. 24 ವೋಲ್ಟಿನ ಡಿಸಿ ಪಂಪುಗಳಿಗೆ ಕರೆಂಟು ಕಡಿಮೆ, ವೇಗವನ್ನೂ ಹೆಚ್ಚುಕಮ್ಮಿ ಮಾಡಬಹುದು. ಅವುಗಳ ಕಂಟ್ರೋಲರನ್ನು ಮಾತ್ರ ಕಡಲ ಗಾಳಿಗೂ ಸಂಪಿನ ಆವಿಗೂ ಸಿಗದಂತೆ ಗೋಡೆಯ ಮೇಲ್ಭಾಗದಲ್ಲಿ ಕೂರಿಸಿ.

ಇಂಥ ಪಂಪನ್ನು ಸಂಪಿನ ಹೊರಗಿಡುವುದರ ಲಾಭ ಬೇಸಿಗೆಯಲ್ಲಿ ಗೊತ್ತಾಗುತ್ತದೆ. ನೀರೊಳಗಿನ ಪಂಪು ತನ್ನ ಬಿಸಿಯನ್ನೆಲ್ಲ ನೀರಿಗೇ ಬಿಡುತ್ತದೆ, ಫ್ಯಾನಿರುವ ಹೊರಗಿನ ಮೋಟರು ಒಂದಷ್ಟನ್ನು ಗಾಳಿಗೆ ಚೆಲ್ಲುತ್ತದೆ. ಗಾಳಿಯಾಡದ ಕಪಾಟಿನೊಳಗೆ ಮುಚ್ಚಿಟ್ಟರೆ ಆ ಲಾಭವೂ ಇಲ್ಲ.

ಜೋಡಿಸುವಾಗ ತಪ್ಪುವುದು ಹೆಚ್ಚಾಗಿ ಸಕ್ಷನ್ ಬದಿಯಲ್ಲಿ, ಅಂದರೆ ಪಂಪಿಗೆ ನೀರು ಬರುವ ಬದಿಯಲ್ಲಿ. ಈ ಪಂಪುಗಳು ತಾವಾಗಿ ನೀರು ಎಳೆದುಕೊಳ್ಳುವುದಿಲ್ಲ. ಸಂಪಿನ ಗೋಡೆ ಕೊರೆದು ಟ್ಯಾಂಕ್ ಕನೆಕ್ಟರ್ ಹಾಕಿ, ಪಂಪನ್ನು ನೀರಿನ ಮಟ್ಟಕ್ಕಿಂತ ಕೆಳಗಿಡಿ. ಸಕ್ಷನ್ ಪೈಪು ಪಂಪಿನ ಬಾಯಿಗಿಂತ ಸಣ್ಣದಾಗಲೇಬಾರದು, ಒಂದು ಸೈಜು ದೊಡ್ಡದಾದರೆ ಒಳ್ಳೆಯದು. ಎಲ್ಬೋವನ್ನು ಪಂಪಿನ ಬಾಯಿಗೇ ಅಂಟಿಸಬೇಡಿ, ಒಂದಡಿಯಾದರೂ ನೇರ ಪೈಪು ಇರಲಿ. ಎರಡೂ ಬದಿಗೆ ಯೂನಿಯನ್ (ಬಿಚ್ಚಿ ಜೋಡಿಸಬಹುದಾದ ಜೋಡಣೆ) ಮತ್ತು ಬಾಲ್ ವಾಲ್ವ್ ಬೇಕು. ಹರಿವು ಹೊಂದಿಸುವುದು ಡೆಲಿವರಿ ವಾಲ್ವಿನಿಂದ ಮಾತ್ರ. ಸಕ್ಷನ್ ವಾಲ್ವನ್ನು ಹಿಂಡಿದರೆ ಒಳಗೆ ಜಲ್ಲಿ ಉರುಳುವ ಸದ್ದು ಬರುತ್ತದೆ, ಅದು ಇಂಪೆಲ್ಲರ್ ಸವೆಯುವ ಸದ್ದು.

ಮಳೆಗಾಲದಲ್ಲಿ ದಿನಕ್ಕೆಷ್ಟು ಸಲ ಕರೆಂಟು ಹೋಗುತ್ತದೆಂದು ನಿಮಗೇ ಗೊತ್ತು. ಹೋದಾಗಲೆಲ್ಲ ಮೇಲಿನ ನೀರು ಸಂಪಿಗೆ ಇಳಿಯುತ್ತದೆ. 6×2 ಅಡಿಯ ತೊಟ್ಟಿಯಲ್ಲಿ ಒಂದು ಸೆಂ.ಮೀ. ಇಳಿದರೆ 11 ಲೀಟರ್, ಮೂರು ಇಳಿದರೆ 33. ಸಂಪಿನಲ್ಲಿ ಅಷ್ಟು ಜಾಗ ಯಾವಾಗಲೂ ಖಾಲಿ ಇರಬೇಕು. ರಿಟರ್ನ್ ಪೈಪಿನಲ್ಲಿ ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ 4 ಮಿ.ಮೀ. ತೂತು ಕೊರೆದರೆ, ಮಟ್ಟ ಅಲ್ಲಿಗಿಳಿದಾಗ ಗಾಳಿ ಹೊಕ್ಕು ಸೈಫನ್ (ಪೈಪಿನಲ್ಲಿ ನೀರು ತಾನಾಗಿ ಹಿಂದಕ್ಕೆ ಇಳಿಯುವುದು) ಮುರಿಯುತ್ತದೆ. ಪಾಚಿ ಮುಚ್ಚದಂತೆ ಆಗಾಗ ಕಡ್ಡಿಯಾಡಿಸಿ. ನಾನ್ ರಿಟರ್ನ್ ವಾಲ್ವನ್ನು ನಂಬಿ ಕೂರಬೇಡಿ, ಒಂದು ಬಸವನಹುಳು ಸಿಕ್ಕಿಕೊಂಡರೂ ಅದು ಮುಚ್ಚುವುದಿಲ್ಲ. ಎಸಿ ಪಂಪಿಗೆ ಇನ್ವರ್ಟರ್ ಕೊಡುವುದಾದರೆ ಸೈನ್ ವೇವಿನದೇ ಇರಲಿ, ಸ್ಕ್ವೇರ್ ವೇವಿನಲ್ಲಿ ಮೋಟರು ಗುಂಯ್‌ಗುಟ್ಟುತ್ತಾ ಬಿಸಿಯಾಗುತ್ತದೆ. ಪಂಪಿನ ಪ್ಲಗ್ಗು, ಕರೆಂಟು ಸೋರಿದರೆ ತಾನೇ ಕಡಿದುಬಿಡುವ 30 ಮಿಲಿಆಂಪ್ ಇಎಲ್‌ಸಿಬಿಯ ಮೂಲಕವೇ ಹೋಗಬೇಕು. ಸಂಪಿನ ಕೊನೆಯ ಕೋಣೆಗೆ, ನೀರು ಇಳಿದರೆ ಪಂಪು ನಿಲ್ಲಿಸುವ ಫ್ಲೋಟ್ ಸ್ವಿಚ್ಚೊಂದೂ ಇರಲಿ: ಒಣಗಿ ಓಡಿದ ಮ್ಯಾಗ್ನೆಟ್ ಪಂಪಿನ ಸೆರಾಮಿಕ್ ಶಾಫ್ಟ್ ಬಿಸಿಯಾಗಿ, ಮತ್ತೆ ತಣ್ಣೀರು ತಾಗಿದೊಡನೆ ಬಿರಿಯಬಹುದು.

ಎಲ್ಲ ಮುಗಿದ ಮೇಲೆ ಔಟ್‌ಲೆಟ್ಟಿಗೆ, ಅದೇ ಎತ್ತರದಲ್ಲಿ, 20 ಲೀಟರಿನ ಬಕೆಟ್ ಹಿಡಿಯಿರಿ. 24 ಸೆಕೆಂಡಿಗೆ ತುಂಬಿದರೆ ಗಂಟೆಗೆ 3000 ಲೀಟರ್. 40 ಸೆಕೆಂಡ್ ಹಿಡಿದರೆ ಬರುತ್ತಿರುವುದು 1800 ಮಾತ್ರ. ಪಂಪನ್ನು ಬೈಯುವ ಮೊದಲು ಎಲ್ಬೋಗಳನ್ನು ಎಣಿಸಿ.