0.7 ಸೊನ್ನೆಯಾದಾಗ

ನಮ್ಮದು ಆಡಿಯೊ ಪ್ಲಗಿನ್, ಅಂದರೆ ಹೋಸ್ಟ್ ಎಂಬ ಬೇರೆ ತಂತ್ರಾಂಶದೊಳಗೆ ಓಡುವ ಪ್ರೋಗ್ರಾಂ. ಅದರಲ್ಲಿ ಪ್ರೀಸೆಟ್ (ಉಳಿಸಿಟ್ಟ ಸೆಟ್ಟಿಂಗ್‌ಗಳ ಫೈಲು) ತೆರೆದರೆ ಸದ್ದೇ ಬರುವುದಿಲ್ಲ ಅಂತ ಬಳಕೆದಾರರೊಬ್ಬರ ಟಿಕೆಟ್. ನಮ್ಮ ಯಾರ ಯಂತ್ರದಲ್ಲೂ ರಿಪ್ರೊ ಆಗಲಿಲ್ಲ, ಅಂದರೆ ಆ ತೊಂದರೆ ಮರುಕಳಿಸಲಿಲ್ಲ. ರಿಲೀಸ್ ಹತ್ತಿರ ಬಂದಿತ್ತು. "ಡ್ರೈವರ್ ತೊಂದರೆ ಅಂತ ಹಾಕಿ ಕ್ಲೋಸ್ ಮಾಡ್ರೀ" ಎಂದರು ಮ್ಯಾನೇಜರ್. ನನ್ನ ಅನುಮಾನವೂ ಬಫರ್ ಸೈಜ್ (ಒಮ್ಮೆಗೆ ಸಂಸ್ಕರಿಸುವ ಸದ್ದಿನ ತುಣುಕಿನ ಅಳತೆ) ಮೇಲೇ ಇತ್ತು. ಫಿಲ್ಟರ್ ಕಟಾಫ್ 1200.0 ಸರಿಯಾಗಿಯೇ ಓದುತ್ತಿತ್ತಲ್ಲ, ಹಾಗಾಗಿ ಫೈಲಿನ ಅಂಕಿಗಳನ್ನು ಓದುವ ಪಾರ್ಸರ್ ಕಡೆ ಯಾರೂ ತಿರುಗಿ ನೋಡಲಿಲ್ಲ.

ಕೊನೆಗೆ ಸ್ಕ್ರೀನ್ ಶೇರ್ ಮಾಡಿಸಿದೆವು. ಬಳಕೆದಾರರು ಗೇನ್ (ಸದ್ದಿನ ಮಟ್ಟ) ಅನ್ನು ಅರ್ಧಕ್ಕೆ ತಂದು, ಸೇವ್ ಮಾಡಿ, ಫೈಲನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದರು. ಅಲ್ಲಿದ್ದದ್ದು 0,5. ಕಾಲ್‌ನಲ್ಲಿದ್ದವರೆಲ್ಲ ಗಪ್‌ಚುಪ್. ಅವರ ಲೊಕೇಲ್ (ಭಾಷೆ-ದೇಶದ ಸೆಟ್ಟಿಂಗ್) ಜರ್ಮನ್. ಅದರಲ್ಲಿ ದಶಮಾಂಶಕ್ಕೆ ಚುಕ್ಕೆಯಲ್ಲ, ಕಾಮಾ.

ಸಿ ಪ್ರೋಗ್ರಾಂ ಶುರುವಾಗುವುದು ದಶಮಾಂಶಕ್ಕೆ ಚುಕ್ಕೆ ಬಳಸುವ "ಸಿ" ಲೊಕೇಲಿನಲ್ಲೇ, ಅದಕ್ಕೇ ಹೋಸ್ಟ್ ಇಲ್ಲದೆ ಓಡುವ ನಮ್ಮ ಸ್ಟ್ಯಾಂಡ್‌ಅಲೋನ್ ಆವೃತ್ತಿಗೆ ಏನೂ ಆಗಿರಲಿಲ್ಲ. ಪ್ಲಗಿನ್ ಆಗಿ ಓಡುವಾಗ ಹೋಸ್ಟಿನ ಜಿಯುಐ ಟೂಲ್‌ಕಿಟ್ (ಪರದೆಯ ಬಟನ್, ಕಿಟಕಿಗಳನ್ನು ತೋರಿಸುವ ಲೈಬ್ರರಿ) ಲೊಕೇಲ್ ಬದಲಿಸುವ setlocale ಫಂಕ್ಷನ್ ಕರೆದು ಇಡೀ ಪ್ರೊಸೆಸ್ಸನ್ನೇ ಜರ್ಮನ್ ಮಾಡಿಟ್ಟಿರುತ್ತದೆ. ಆಮೇಲೆ ಅಕ್ಷರಗಳನ್ನು ಸಂಖ್ಯೆ ಮಾಡಲು ನಾವು ಬಳಸಿದ್ದ atof ಫಂಕ್ಷನ್ ಫ್ಯಾಕ್ಟರಿ ಪ್ರೀಸೆಟ್‌ನ ಗೇನ್ 0.7 ಅನ್ನು ಚುಕ್ಕೆವರೆಗೆ ಓದಿ ಸೊನ್ನೆ ಕೊಟ್ಟು ಸುಮ್ಮನಾಗುತ್ತದೆ. ಎರರ್ ಇಲ್ಲ, ಲಾಗ್ ಇಲ್ಲ. 1200.0 ಮಾತ್ರ ಹೇಗೆ ಓದಿದರೂ 1200.

ಪ್ಲಗಿನ್ ಲೋಡ್ ಆಗುವಾಗ LC_NUMERIC (ಲೊಕೇಲಿನಲ್ಲಿ ಅಂಕಿಗಳಿಗೆ ಸಂಬಂಧಿಸಿದ ಭಾಗ) ಅನ್ನು "ಸಿ"ಗೆ ತಿರುಗಿಸಿಬಿಡೋಣ ಎಂದು ಒಬ್ಬ ಸಹೋದ್ಯೋಗಿ ಪ್ಯಾಚ್ ಕಳಿಸಿದರು. ನಾನು ಒಪ್ಪಲಿಲ್ಲ. setlocale ಇಡೀ ಪ್ರೊಸೆಸ್ಸಿಗೆ ತಟ್ಟುತ್ತದೆ, ಥ್ರೆಡ್‌ಗಳ ನಡುವೆ ಸುರಕ್ಷಿತವೂ ಅಲ್ಲ. ಹೋಸ್ಟಿನ ಮನೆಯೊಳಗೆ ನುಗ್ಗಿ ಅವರ ಗಡಿಯಾರ ತಿರುಗಿಸಿದಂತೆ. atof ಬದಲು std::from_chars ಬಳಸಿದ್ದರೆ ಲೊಕೇಲಿನ ಗೊಡವೆಯೇ ಇರುತ್ತಿರಲಿಲ್ಲ. ಆದರೆ ಜಿಸಿಸಿ ಕಂಪೈಲರಿನಲ್ಲಿ ದಶಮಾಂಶಕ್ಕೆ ಅದು ಸಿಗುವುದು 11ನೇ ಆವೃತ್ತಿಯಿಂದ. ನಮ್ಮ ಬಿಲ್ಡ್ ಯಂತ್ರದ ಅಪ್‌ಗ್ರೇಡ್ ಬೇಡಿಕೆ ಎಲ್ಲಿ ಕೊಳೆಯುತ್ತಿದೆಯೋ! ಹಾಗಾಗಿ ಅಂಕಿ ಓದಲು istringstream ಬಳಸಿ, ಅದಕ್ಕೆ ಮಾತ್ರ classic (ಅಂದರೆ "ಸಿ") ಲೊಕೇಲ್ ಇಂಬ್ಯೂ ಮಾಡಿದೆವು, ಅಂದರೆ ತಗುಲಿಸಿದೆವು. ಬರೆಯುವ ಕಡೆಯೂ ಹಾಗೇ.

ಹೊಟ್ಟೆ ಉರಿಸಿದ್ದು ಬಳಕೆದಾರರು ಆಗಲೇ ಸೇವ್ ಮಾಡಿಟ್ಟಿದ್ದ ಫೈಲುಗಳು. ಒಂಟಿ ಗೇನ್‌ನ 0,5 ಅನ್ನು ತಿದ್ದಿ ಓದಬಹುದು. ಆದರೆ ಎನ್ವಲಪ್ (ಸದ್ದಿನ ಏರಿಳಿತ) ಅಂಕಿಗಳ ಪಟ್ಟಿಯನ್ನು ನಾವು ಕಾಮಾದಿಂದಲೇ ಬೇರ್ಪಡಿಸುತ್ತಿದ್ದೆವು. ಸಾಲಿನಲ್ಲಿ 0,5,1,2 ಇದ್ದರೆ ಎಲ್ಲಿ ಒಡೆಯುವುದು? ಅಂಥ ಪ್ರೀಸೆಟ್‌ಗಳನ್ನು ಮತ್ತೆ ಮಾಡಿಕೊಳ್ಳಿ ಅಂತ ಬರೆದು ಕಳಿಸಬೇಕಾಯಿತು.

ಈಗ ಸಿಐನಲ್ಲಿ (ಟೆಸ್ಟ್‌ಗಳನ್ನು ತಾನಾಗಿಯೇ ಓಡಿಸುವ ವ್ಯವಸ್ಥೆ) ಜರ್ಮನ್ ಲೊಕೇಲಿನ ಒಂದು ಜಾಬ್ ಇದೆ. ಮೊದಲ ಸಲವೇ ಹಸಿರು ಬಂದಾಗ (ಟೆಸ್ಟ್ ಪಾಸಾದಾಗ) ಎಲ್ಲರಿಗೂ ಖುಷಿ. ಆಮೇಲೆ ನೋಡಿದರೆ ಟೆಸ್ಟ್ ಓಡುವ ಕಂಟೇನರಿನಲ್ಲಿ ಆ ಲೊಕೇಲೇ ಇನ್‌ಸ್ಟಾಲ್ ಆಗಿರಲಿಲ್ಲ. setlocale NULL ಕೊಟ್ಟಿತ್ತು, ಅಂದರೆ ಆಗಲಿಲ್ಲ ಎಂದಿತ್ತು, ಟೆಸ್ಟ್ ಅದನ್ನು ಕೇಳಿಯೇ ಇರಲಿಲ್ಲ.