ಈಗಲೂ ಕುಡಿಯಬೇಕು ಅನ್ನಿಸುತ್ತಾ?

ಪ್ರಾರ್ಥನಾ ಕೂಟ ಮುಗಿದು ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೆ ಯಾರಾದರೂ ಪಕ್ಕಕ್ಕೆ ಬರುತ್ತಾರೆ. ದನಿ ತಗ್ಗಿಸಿ ಕೇಳುತ್ತಾರೆ: “ಬ್ರದರ್, ನೀವು ಕುಡಿಯೋದು ಬಿಟ್ಟು ಒಂಬತ್ತು ವರ್ಷ ಆಯ್ತಲ್ಲ. ಈಗಲೂ ಕುಡಿಯಬೇಕು ಅನ್ನಿಸುತ್ತಾ? ಇಲ್ಲ, ಯೇಸುವನ್ನು ನಂಬಿದ ಮೇಲೆ ಆ ಆಸೆ ಪೂರ್ತಿ ಹೋಗಿಬಿಡ್ತಾ?” ಮದುವೆ ಮನೆಯಲ್ಲೂ ಕೇಳುತ್ತಾರೆ, ಫೋನ್ ಮಾಡಿಯೂ ಕೇಳುತ್ತಾರೆ. ಬೇರೆ ಧರ್ಮದ ಗೆಳೆಯರು ಇನ್ನೂ ನೇರವಾಗಿ ಕೇಳುತ್ತಾರೆ: “ನಿಮ್ಮ ದೇವರು ಅಂಥಾದ್ದೇನು ಕೊಟ್ಟ ಹೇಳಪಾ?”

ಅನ್ನಿಸುತ್ತದೆ. ದಿನಾ ಅಲ್ಲ, ಆದರೆ ಅನ್ನಿಸುತ್ತದೆ. ಇದೇ ನನ್ನ ಉತ್ತರ.

ಇದನ್ನು ಕೇಳಿ ಕೆಲವರ ಮುಖ ಸಪ್ಪಗಾಗುತ್ತದೆ. “ಆ ರಾತ್ರಿ ಮೊಣಕಾಲೂರಿದೆ, ಬೆಳಗಾಗುವುದರೊಳಗೆ ಆಸೆಯೇ ಸತ್ತುಹೋಯಿತು” ಎಂದು ಸಾಕ್ಷಿ ಹೇಳುವವರನ್ನು ನಾವೆಲ್ಲ ಕೇಳಿದ್ದೇವೆ. ಅಂಥವರಲ್ಲಿ ಇಬ್ಬರನ್ನು ನಾನು ಹತ್ತಿರದಿಂದ ಬಲ್ಲೆ. ಅವರು ಸುಳ್ಳು ಹೇಳುತ್ತಿಲ್ಲ. ದೇವರು ಅವರಿಗೆ ಹಾಗೆ ಮಾಡಿದ, ನನಗೆ ಹಾಗೆ ಮಾಡಲಿಲ್ಲ. ನನ್ನ ಆಸೆಯನ್ನು ಅವನು ತೆಗೆಯಲಿಲ್ಲ. ಅದು ಬಂದಾಗ ಯಾರ ಹತ್ತಿರ ಹೋಗಬೇಕು ಅನ್ನುವುದನ್ನು ತೋರಿಸಿದ. ಬಿದ್ದರೆ ವಾಪಸ್ ಬರುವ ಬಾಗಿಲನ್ನೂ ತೆರೆದಿಟ್ಟ.

ನಾನು ಹುಬ್ಬಳ್ಳಿಯವನು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ಈ ಊರಿಗೆ ಬಂದದ್ದು 1839ರಲ್ಲಿ. ಅವರು ಕಟ್ಟಿದ ಸಭೆಯಲ್ಲೇ ನಮ್ಮ ಮನೆತನ ಬೆಳೆಯಿತು. ಹಾಗಾಗಿ ನಾನು ಸತ್ಯವೇದ ಗೊತ್ತಿಲ್ಲದೆ ಕುಡಿದವನಲ್ಲ. ಸಂಡೇ ಸ್ಕೂಲಿನಲ್ಲಿ ವಚನ ಕಂಠಪಾಠಕ್ಕೆ ಬಹುಮಾನ ತಗೊಂಡಿದ್ದೆ. ಕುಡಿದು ಮಲಗಿದಾಗಲೂ ಇಪ್ಪತ್ಮೂರನೆಯ ಕೀರ್ತನೆ ತಪ್ಪಿಲ್ಲದೆ ಹೇಳುತ್ತಿದ್ದೆ ಅಂತ ನನ್ನ ಹೆಂಡತಿ ಆಮೇಲೆ ಹೇಳಿದಳು. ಅದನ್ನು ಕೇಳಿದ ದಿನ ತುಂಬಾ ಅತ್ತೆ.

2007ರ ಜುಲೈನಲ್ಲಿ ಸರ್ಕಾರ ಸಾರಾಯಿ ಮಾರಾಟ ನಿಲ್ಲಿಸಿದಾಗ ನಮ್ಮವ್ವ ಕಣ್ಣೀರು ಹಾಕಿ ದೇವರಿಗೆ ಸ್ತೋತ್ರ ಹೇಳಿದಳು. ಮಗ ಉಳಿದ ಅಂದುಕೊಂಡಳು. ನಾನು ಮರುವಾರವೇ ವೈನ್ ಶಾಪಿನ ಅಗ್ಗದ ವಿಸ್ಕಿಗೆ ಹೋದೆ. ಸಂಜೆ ಒಂದು ನೈಂಟಿ ಅಂತ ಶುರುವಾದದ್ದು ಕ್ವಾರ್ಟರ್ ಆಯಿತು. ಆಮೇಲೆ ಕೈ ನಡುಗುವುದು ನಿಲ್ಲಲಿ ಅಂತ ಬೆಳಿಗ್ಗೆಯೇ ಬೇಕಾಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಬಿಡಬೇಕು ಅಂತ ನಾನು ಮೊದಲ ಸಲ ಹೊರಟಾಗ ಒಂದು ಪ್ರಾರ್ಥನಾ ಗುಂಪಿನಲ್ಲಿ “ಮಾತ್ರೆ ತಗೊಂಡರೆ ನಂಬಿಕೆ ಇಲ್ಲ ಅಂತ ಅರ್ಥ” ಅಂದರು. ಡಾಕ್ಟರ ಹತ್ತಿರ ಹೋಗದೆ, ಕುಡಿಯೋದನ್ನು ಒಮ್ಮೆಲೇ ನಿಲ್ಲಿಸಿದೆ. ಮೂರನೆಯ ರಾತ್ರಿ ಗೋಡೆಯ ಮೇಲೆ ಹುಳ ಹರಿದಾಡುವಂತೆ ಕಂಡಿತು. ಹೆಂಡತಿ ಆಟೋ ಹಿಡಿದು ಆಸ್ಪತ್ರೆಗೆ ಸೇರಿಸಿದಳು. ದಿನಾ ಜಾಸ್ತಿ ಕುಡಿಯುವವರು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಜೀವಕ್ಕೇ ಅಪಾಯ ಆಗಬಹುದು. ಅದು ನಂಬಿಕೆಯ ಕೊರತೆ ಅಲ್ಲ, ಮೈಯ ಕಾಯಿಲೆ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಅಂಥ ಆಸ್ಪತ್ರೆಗಳಲ್ಲಿ ಇದಕ್ಕೆ ಚಿಕಿತ್ಸೆ ಇದೆ. ಸುವಾರ್ತೆ ಬರೆದ ಲೂಕನನ್ನು ಪೌಲನು “ಪ್ರಿಯ ವೈದ್ಯ” ಎಂದು ಕರೆದಿದ್ದಾನೆ. ಪ್ರಾರ್ಥನೆ ಮಾಡಿ, ಡಾಕ್ಟರ ಹತ್ತಿರವೂ ಹೋಗಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ ನಾವು ‘ಶೋಧನೆ’ ಅನ್ನುತ್ತೇವಲ್ಲ, ಆ ಪದದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಗ್ರೀಕ್ ಮೂಲದಲ್ಲಿರುವ ಪದಕ್ಕೆ ಪರೀಕ್ಷೆ, ಪ್ರಲೋಭನೆ ಎರಡೂ ಅರ್ಥ ಇದೆ. ನಮ್ಮ ಕನ್ನಡದಲ್ಲಿ ಶೋಧಿಸುವುದು ಅಂದರೆ ಹುಡುಕುವುದು, ಸೋಸುವುದೂ ಹೌದು. ಇದನ್ನೇ ಯೇಸು ತಾನು ಸೆರೆಸಿಕ್ಕ ರಾತ್ರಿ ಶಿಷ್ಯ ಪೇತ್ರನಿಗೆ ಇನ್ನೊಂದು ಮಾತಿನಲ್ಲಿ ಹೇಳುತ್ತಾನೆ. ಲೂಕನ ಸುವಾರ್ತೆಯ 22ನೆಯ ಅಧ್ಯಾಯದಲ್ಲಿದೆ. ಸೈತಾನನು ನಿಮ್ಮನ್ನು ಗೋದಿಯಂತೆ ಒನೆಯಬೇಕೆಂದು ಕೇಳಿಕೊಂಡಿದ್ದಾನೆ, ಅನ್ನುತ್ತಾನೆ. ಒನೆಯುವುದು ಅಂದರೆ ಮೊರದಲ್ಲಿ ಕೇರುವುದು. ನಮ್ಮ ಅಜ್ಜಿ ಅಂಗಳದಲ್ಲಿ ಕೂತು ಜೋಳ ಕೇರುವುದನ್ನು ನೋಡಿ ಬೆಳೆದವನು ನಾನು. ಕಾಳು ಮೇಲಕ್ಕೆ ಹಾರಿ ಮತ್ತೆ ಮೊರಕ್ಕೆ ಬೀಳುತ್ತದೆ, ಹೊಟ್ಟು ಗಾಳಿಗೆ ಹೋಗುತ್ತದೆ. ಸಂಜೆ ಏಳು ಗಂಟೆಗೆ ವೈನ್ ಶಾಪಿನ ಮುಂದೆ ಬಸ್ಸು ನಿಂತಾಗ ನನ್ನ ಒಳಗೆ ಆಗುವುದು ಅದೇ. ಯಾರೋ ನನ್ನನ್ನು ಎತ್ತಿ ಎತ್ತಿ ಹಾರಿಸಿದಂತೆ.

ಮುಂದಿನ ಮಾತನ್ನು ನೋಡಿ. ಸೈತಾನನು ಕೇರದಂತೆ ನಾನು ತಡೆಯುತ್ತೇನೆ ಅಂತ ಯೇಸು ಹೇಳುವುದಿಲ್ಲ. “ನಿನ್ನ ನಂಬಿಕೆ ಕುಂದಿಹೋಗಬಾರದೆಂದು ನಾನು ನಿನಗಾಗಿ ಬೇಡಿಕೊಂಡೆ” ಎನ್ನುತ್ತಾನೆ. ನೀನು ತಿರುಗಿ ಬಂದ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಎಂದೂ ಹೇಳುತ್ತಾನೆ. ತಿರುಗಿ ಬಂದ ಮೇಲೆ! ಅಂದರೆ ಇವನು ಬೀಳುತ್ತಾನೆ ಅಂತ ಯೇಸುವಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಅವನಿಗೆ ಮುಂದಿನ ಕೆಲಸ ಕೊಟ್ಟಿದ್ದ. ಪೇತ್ರನಿಗೆ ಇದು ಅರ್ಥವಾಗಲಿಲ್ಲ. ಸೆರೆಮನೆಗೂ ಸಾವಿಗೂ ಸಿದ್ಧ ಅಂದ. ಕೋಳಿ ಕೂಗುವುದರೊಳಗೆ ಮೂರು ಸಲ “ಆ ಮನುಷ್ಯನನ್ನು ನಾನು ಅರಿಯೆ” ಅಂದುಬಿಟ್ಟ. ಚಳಿ ಇತ್ತು, ಕೆಂಡದ ಬೆಂಕಿಯ ಹತ್ತಿರ ನಿಂತು ಮೈ ಕಾಯಿಸಿಕೊಳ್ಳುತ್ತಿದ್ದ.

ಯೋಹಾನನ ಸುವಾರ್ತೆಯಲ್ಲಿ ಆ ಕೆಂಡ ಮತ್ತೆ ಬರುತ್ತದೆ. ಪುನರುತ್ಥಾನದ ಮೇಲೆ ಕೆರೆಯ ದಡದಲ್ಲಿ ಯೇಸು ಕೆಂಡ ಮಾಡಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು ಕಾಯುತ್ತಿದ್ದ. “ಬಂದು ಊಟಮಾಡಿರಿ” ಅಂದ. ಊಟ ಆದ ಮೇಲೆಯೇ ಪೇತ್ರನ ಹತ್ತಿರ ಮಾತು ತೆಗೆದದ್ದು. ಮೂರು ಸಲ ಅಲ್ಲಗಳೆದವನಿಗೆ ಮೂರು ಸಲ “ನನ್ನನ್ನು ಪ್ರೀತಿಸುತ್ತೀಯಾ?” ಎಂಬ ಪ್ರಶ್ನೆ. ಮೊದಲು ತಿಂಡಿ, ಆಮೇಲೆ ಪ್ರಶ್ನೆ. ಈ ಕ್ರಮ ನನ್ನ ಜೀವ ಉಳಿಸಿದೆ.

ಯಾಕೆಂದರೆ ನಾನೂ ಬಿದ್ದೆ. ಆಸ್ಪತ್ರೆಯಿಂದ ಬಂದು ಹದಿನಾಲ್ಕು ತಿಂಗಳು ಒಂದು ಹನಿ ಮುಟ್ಟಿರಲಿಲ್ಲ. ನೆಂಟರ ಮದುವೆಯ ಹಿಂದಿನ ರಾತ್ರಿ ಯಾರೋ ಗ್ಲಾಸ್ ಕೈಗಿಟ್ಟರು. ಒಂದೇ ಅಲ್ವಾ ಅಂದುಕೊಂಡೆ. ಮೂರು ವಾರ ಮನೆಗೆ ಸರಿಯಾಗಿ ಬರಲಿಲ್ಲ. ಕೊನೆಗೆ ಒಂದು ಬುಧವಾರ ಸಂಜೆ ಕೂಟ ನಡೆಯುತ್ತಿದ್ದ ಮನೆಯ ಬಾಗಿಲಲ್ಲಿ ನಿಂತೆ. ಒಳಗೆ ಕಾಲಿಡಲು ಧೈರ್ಯ ಬರಲಿಲ್ಲ. ಬಾಯಿ ವಾಸನೆ ಬರುತ್ತಿತ್ತು, ಎಲ್ಲರೂ ನೋಡಿದರು. ಆ ಮನೆಯ ಹಿರಿಯ ತಾಯಿ ಎದ್ದು ಬಂದು, “ಬಾರಪಾ, ಕೂಡು. ಚಾ ತರ್ತೀನಿ” ಅಂದರು. ಅಷ್ಟೇ. ಎಲ್ಲಿ ಹೋಗಿದ್ದೆ, ಯಾಕೆ ಹೀಗಾಯಿತು, ಒಂದೂ ಕೇಳಲಿಲ್ಲ. ಚಾ ಜೊತೆ ಎರಡು ಬಿಸ್ಕೀಟು ಇತ್ತು. ಅವರು ಈಗಿಲ್ಲ. ಕೆರೆಯ ದಡದ ಆ ಅಧ್ಯಾಯ ಓದಿದಾಗೆಲ್ಲ ನನಗೆ ಅವರ ಕೈಯಲ್ಲಿದ್ದ ಚಹಾದ ಬಟ್ಟಲೇ ಕಾಣುತ್ತದೆ.

ಆ ಬುಧವಾರದಿಂದ ಲೆಕ್ಕ ಹಾಕಿದರೆ ಒಂಬತ್ತು ವರ್ಷ.

ನಮ್ಮ ಪರಿಚಯದ ಕ್ಯಾಥೊಲಿಕ್ ಸಿಸ್ಟರ್ ಒಬ್ಬರು ಆ ದಿನಗಳಲ್ಲಿ ನನಗೆ ಮ್ಯಾಟ್ ಟಾಲ್ಬಟ್ ಅನ್ನುವ ಕೂಲಿಯಾಳಿನ ಕಥೆ ಹೇಳಿದರು. ಐರ್ಲೆಂಡಿನ ಡಬ್ಲಿನ್ ಊರಿನವನು, ಹುಟ್ಟಿದ್ದು 1856ರಲ್ಲಿ. ಹನ್ನೆರಡನೆಯ ವಯಸ್ಸಿಗೇ ಕೆಲಸಕ್ಕೆ ಸೇರಿದ್ದು ದ್ರಾಕ್ಷಾರಸದ ವ್ಯಾಪಾರಿಯ ಹತ್ತಿರ. ಕುಡಿತವೂ ಅಲ್ಲೇ ಶುರುವಾಯಿತು. ಸಂಬಳವೆಲ್ಲ ಕುಡಿತಕ್ಕೇ ಹೋಗುತ್ತಿತ್ತು. 1884ರಲ್ಲಿ ಒಂದು ದಿನ ಜೇಬು ಖಾಲಿ ಇತ್ತು. ತಾನು ಎಷ್ಟೋ ಸಲ ಕುಡಿಸಿದ್ದ ಗೆಳೆಯರು ಯಾರೂ ಒಂದು ಗ್ಲಾಸ್ ಕೊಡಿಸಲಿಲ್ಲ. ಮನೆಗೆ ಹೋದ, ಆಮೇಲೆ ಪಾದ್ರಿಯ ಹತ್ತಿರ ಹೋಗಿ ಕುಡಿಯುವುದಿಲ್ಲ ಅಂತ ಪ್ರತಿಜ್ಞೆ ಮಾಡಿದ. ಎಷ್ಟು ಕಾಲಕ್ಕೆ ಗೊತ್ತಾ? ಬರೀ ಮೂರು ತಿಂಗಳಿಗೆ. ಅದು ಮುಗಿದ ಮೇಲೆ ಆರು ತಿಂಗಳಿಗೆ, ಆಮೇಲೆ ಜೀವನಪೂರ್ತಿ. 1925ರಲ್ಲಿ ಪೂಜೆಗೆ ಹೋಗುವ ದಾರಿಯಲ್ಲಿ ಕುಸಿದು ಸಾಯುವ ತನಕ ಮತ್ತೆ ಕುಡಿಯಲಿಲ್ಲ. ಅಂದರೆ ನಲವತ್ತು ವರ್ಷಕ್ಕೂ ಜಾಸ್ತಿ.

ಅವನು ಜೇಬಿನಲ್ಲಿ ದುಡ್ಡು ಇಟ್ಟುಕೊಂಡು ಓಡಾಡುವುದನ್ನೇ ಬಿಟ್ಟಿದ್ದನಂತೆ. ನನಗೆ ಇದು ತುಂಬಾ ಹಿಡಿಸಿತು. ದೇವರ ಬಲದ ಮೇಲೆ ಭರವಸೆ ಇಟ್ಟವನು ಜೇಬನ್ನೂ ಖಾಲಿ ಮಾಡಿದ. ಇನ್ನೊಂದು ಸಂಗತಿ ಮನಸ್ಸಿಗೆ ತಾಗಿತು. ಕುಡಿಯುತ್ತಿದ್ದ ಕಾಲದಲ್ಲಿ ಅವನು ಒಬ್ಬ ಬಡ ಪಿಟೀಲು ವಾದಕನ ಪಿಟೀಲನ್ನೇ ಕದ್ದಿದ್ದ, ಅದನ್ನು ಕುಡಿತಕ್ಕೆ ಕಳೆದಿದ್ದ. ಆಮೇಲೆ ದುಡ್ಡು ಹಿಂದಿರುಗಿಸಲು ಊರೆಲ್ಲ ಹುಡುಕಿದ. ಆ ಮನುಷ್ಯ ಸಿಗಲೇ ಇಲ್ಲ. ಕೊನೆಗೆ ಅವನ ಹೆಸರಲ್ಲಿ ಪೂಜೆ ಮಾಡಿಸಲು ಆ ದುಡ್ಡು ಕೊಟ್ಟ. ಕ್ಷಮೆ ಸಿಕ್ಕಿದೆ ಅಂತ ಸಾಲ ಮರೆಯಲಿಲ್ಲ ಅವನು. ಆ ಕಥೆ ಕೇಳಿದ ಮೇಲೆ ನಾನೂ ಒಂದು ನೋಟ್‌ಬುಕ್ಕಿನಲ್ಲಿ ಹೆಸರು ಬರೆದಿಟ್ಟೆ. ಹನ್ನೊಂದು ಜನರಿಗೆ ದುಡ್ಡು ಕೊಟ್ಟಿದ್ದೇನೆ. ಇಬ್ಬರು ಇನ್ನೂ ಸಿಕ್ಕಿಲ್ಲ.

ಮೂರು ತಿಂಗಳು ಅಂದೆನಲ್ಲ, ನಾನು ಅಷ್ಟೂ ದೂರ ಹೋಗುವುದಿಲ್ಲ. ಕರ್ತನ ಪ್ರಾರ್ಥನೆಯಲ್ಲಿ ಅನುದಿನದ ಆಹಾರವನ್ನು “ಈ ಹೊತ್ತು” ಕೊಡು ಎಂದು ಕೇಳುತ್ತೇವೆ. ಅಡವಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಮನ್ನ ಅನ್ನುವ ಆಹಾರ ಸಿಕ್ಕಿದ್ದೂ ಆಯಾ ದಿನಕ್ಕೆ. ನಾಳೆಗೆ ಇರಲಿ ಅಂತ ಎತ್ತಿಟ್ಟದ್ದು ಹುಳ ಬಿದ್ದು ನಾರಿತು. ದೇವರು ಕೊಡುವ ಬಲವನ್ನೂ ಕೂಡಿಡಲು ಆಗುವುದಿಲ್ಲ. ನಿನ್ನೆಯ ಆರಾಧನೆಯಲ್ಲಿ ಎಷ್ಟು ಅತ್ತಿದ್ದರೂ ಇವತ್ತಿನ ಸಂಜೆ ಹೊಸದೇ. ಅದಕ್ಕೇ ಬೆಳಿಗ್ಗೆ ಎದ್ದ ಕೂಡಲೇ “ಕರ್ತನೇ, ಈ ಹೊತ್ತಿಗೆ ಸಾಕಾಗುವಷ್ಟು” ಅಂತ ಕೇಳುತ್ತೇನೆ. ರಾತ್ರಿ ಮಲಗುವಾಗ ಸ್ತೋತ್ರ ಹೇಳುತ್ತೇನೆ.

ಹೊಟ್ಟೆ ಖಾಲಿ ಇದ್ದಾಗ ಆಸೆ ಜೋರಾಗುತ್ತದೆ. ಯೇಸುವಿಗೂ ಸೈತಾನನು ಎದುರಾದದ್ದು ನಲವತ್ತು ದಿನದ ಉಪವಾಸ ಮುಗಿದು ಹಸಿದಾಗ. ಪ್ರವಾದಿ ಎಲೀಯನು ಸೋತು, ಸಾವು ಬರಲಿ ಅಂತ ಗಿಡದ ಕೆಳಗೆ ಮಲಗಿದ್ದಾಗ ದೇವದೂತ ಅವನಿಗೆ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ತಂದಿಟ್ಟು ಎದ್ದು ತಿನ್ನು ಅಂದ. ನಮ್ಮ ಮನೆಯಲ್ಲಿ ಆರೂವರೆಗೇ ರೊಟ್ಟಿ ಪಲ್ಯ ಆಗಿರುತ್ತದೆ. ಹೆಂಡತಿ ಬಡಿಯುವ ಆ ರೊಟ್ಟಿಯನ್ನು ದೇವರ ಕೈಯಿಂದ ಬಂದದ್ದು ಅಂತಲೇ ತಿನ್ನುತ್ತೇನೆ. ಬಸ್ಸು ಬಿಟ್ಟು ಒಂದು ಕಿಲೋಮೀಟರ್ ಸುತ್ತಿ ಬೇರೆ ರಸ್ತೆಯಲ್ಲಿ ನಡೆದು ಬರುತ್ತೇನೆ. ಶೋಧನೆಯ ಜೊತೆಗೆ ತಪ್ಪಿಸಿಕೊಳ್ಳುವ ದಾರಿಯನ್ನೂ ದೇವರು ಸಿದ್ಧಮಾಡುತ್ತಾನೆ ಎಂದು ಪೌಲನು ಕೊರಿಂಥದವರಿಗೆ ಬರೆದ. ನನ್ನ ಮಟ್ಟಿಗೆ ಆ ದಾರಿ ನಿಜವಾದ ದಾರಿಯೇ, ಮಣ್ಣಿನದು. ಯೋಸೇಫನೂ ಪೋಟೀಫರನ ಮನೆಯಲ್ಲಿ ವಾದ ಮಾಡುತ್ತಾ ನಿಲ್ಲಲಿಲ್ಲ. ತನ್ನನ್ನು ಪಾಪಕ್ಕೆ ಎಳೆದ ಪೋಟೀಫರನ ಹೆಂಡತಿಯ ಕೈಯಲ್ಲೇ ಬಟ್ಟೆ ಬಿಟ್ಟು ಓಡಿದ.

ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಬಟ್ಟಲಿನ ಬಗ್ಗೆಯೂ ಕೇಳುತ್ತಾರೆ. ನಾನು ಸಭಾಪಾಲಕರಿಗೆ ಮೊದಲೇ ಎಲ್ಲ ಹೇಳಿದ್ದೆ. ನಮ್ಮಲ್ಲಿ ಹುಳಿ ಬರದ ದ್ರಾಕ್ಷಿ ರಸ ಕೊಡುತ್ತಾರೆ, ಭಯ ಇಲ್ಲ. ನಿಮ್ಮ ಸಭೆಯಲ್ಲಿ ಬೇರೆ ರೂಢಿ ಇದ್ದರೆ ನಾಚದೆ ಹೇಳಿಕೊಳ್ಳಿ.

ಇನ್ನು ಫೋನಿನ ವಿಷಯ. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬವರು ಅಮೆರಿಕದ ಅಕ್ರನ್ ಊರಿನ ಹೋಟೆಲಿನಲ್ಲಿ ಒಬ್ಬರೇ ಇದ್ದರು. ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಬಂದ ವ್ಯವಹಾರ ಕೈಕೊಟ್ಟಿತ್ತು. ಅಲ್ಲೇ ಬಾರ್ ಇತ್ತು, ಒಳಗಿನ ನಗು ಕೇಳಿಸುತ್ತಿತ್ತು. ಅಲ್ಲೇ ಚರ್ಚುಗಳ ಪಟ್ಟಿ ಇತ್ತು, ಫೋನೂ ಇತ್ತು. ಅವರು ಒಬ್ಬ ಪಾದ್ರಿಗೆ ಫೋನ್ ಮಾಡಿದರು. ನನ್ನಂತೆ ಕುಡಿತದಿಂದ ನರಳುವ ಇನ್ನೊಬ್ಬರ ಹತ್ತಿರ ಮಾತಾಡಬೇಕು ಅಂದರು. ಹಾಗೆ ಡಾಕ್ಟರ್ ಬಾಬ್ ಸ್ಮಿತ್ ಸಿಕ್ಕರು. ಆ ಡಾಕ್ಟರೂ ಒಮ್ಮೆ ಮತ್ತೆ ಬಿದ್ದು ಎದ್ದರು. ಅವರು ಕೊನೆಯ ಸಲ ಕುಡಿದ 1935ರ ಜೂನ್ 10ನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ ದಿನ ಅನ್ನುತ್ತಾರೆ. ಅದು ಕುಡಿತ ಬಿಡಲು ಬಯಸುವ ಯಾವ ಧರ್ಮದವರೂ ಸೇರಬಹುದಾದ ಕೂಟ. ಕನ್ನಡದಲ್ಲೂ ನಡೆಯುತ್ತದೆ. ಬಿಲ್ ಅವತ್ತು ತನ್ನನ್ನು ಉಳಿಸುವವರನ್ನಷ್ಟೇ ಹುಡುಕಲಿಲ್ಲ, ತಾನು ಕೈ ಹಿಡಿಯಬಹುದಾದವರನ್ನು ಹುಡುಕಿದರು. ಅದರಿಂದ ಇಬ್ಬರೂ ಉಳಿದರು. ಪೇತ್ರನಿಗೆ ಯೇಸು ಕೊಟ್ಟ ಕೆಲಸವೂ ಇದೇ ಅಲ್ವಾ, ನಿನ್ನ ಸಹೋದರರನ್ನು ದೃಢಪಡಿಸು ಅಂತ.

ಈ ಪ್ರಶ್ನೆ ಕೇಳುವವರಲ್ಲಿ ಕೆಲವರು ಸುಮ್ನೆ ಕುತೂಹಲಕ್ಕೆ ಕೇಳುತ್ತಾರೆ. ಕೆಲವರು ಅಣ್ಣನಿಗಾಗಿ, ಗಂಡನಿಗಾಗಿ ಕೇಳುತ್ತಾರೆ. ಇನ್ನು ಕೆಲವರು ತಮಗಾಗಿಯೇ ಕೇಳುತ್ತಾರೆ, ಅದು ಅವರ ಕೈ ನೋಡಿದರೆ ತಿಳಿಯುತ್ತದೆ. ಅಂಥವರಿಗೆ ನಾನು ನಂಬರ್ ಬರೆದುಕೊಡುತ್ತೇನೆ, ಕುಡಿದ ಮೇಲೂ ಫೋನ್ ಮಾಡಬಹುದು ಅಂತ ಹೇಳುತ್ತೇನೆ. ಸಂಜೆ ಏಳರಿಂದ ರಾತ್ರಿ ಹನ್ನೊಂದರ ತನಕ ನನ್ನ ಫೋನನ್ನು ನಾನು ಸೈಲೆಂಟ್‌ಗೆ ಹಾಕುವುದಿಲ್ಲ.